ಕೇಳುವ ಮೊದಲೇ ಮೂಟೆ ಕಟ್ಟಿದವರು (ಯೆರೆಮೀಯ 42 ಮತ್ತು 43)

ಬಾಗಿಲ ಹತ್ತಿರ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಚೇರ್ ಖಾಲಿ ಇವೆ. ಬೈಬಲ್ ತಂದವರು ಯೆರೆಮೀಯನ ಗ್ರಂಥ 42ನೇ ಅಧ್ಯಾಯ ತೆಗೆಯಿರಿ. ಮೊಬೈಲಿನಲ್ಲಿ ಓದುವವರು ಸ್ವಲ್ಪ ಹೊತ್ತು ಡೇಟಾ ಆಫ್ ಮಾಡಿ. ಮ್ಯಾಚ್ ಸ್ಕೋರ್ ಎಲ್ಲೂ ಓಡಿಹೋಗುವುದಿಲ್ಲ.

ವಿಧೇಯತೆ, ಆಶೀರ್ವಾದ ಅಂದ ಕೂಡಲೇ ನಮ್ಮ ಬೆರಳು ತಾನಾಗಿಯೇ ಧರ್ಮೋಪದೇಶಕಾಂಡ 28ಕ್ಕೆ ಹೋಗುತ್ತದೆ. ಡಿಸೆಂಬರ್ 31ರ ರಾತ್ರಿ ವಾಗ್ದಾನದ ಕಾರ್ಡ್ ತೆಗೆಯುವಾಗ ಆ ಅಧ್ಯಾಯದ ವಚನ ಸಿಕ್ಕರೆ ಎಷ್ಟು ಸಂತೋಷ! ತಲೆಯಾಗುವ ವಾಗ್ದಾನ, ಸಾಲ ಕೊಡುವವರಾಗುವ ವಾಗ್ದಾನ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕ್ತೀವಿ. ಹಾಕಿ, ತಪ್ಪೇನಿಲ್ಲ. ಆದರೆ ಆ ಅಧ್ಯಾಯದಲ್ಲಿ 68 ವಚನಗಳಿವೆ. ಆಶೀರ್ವಾದದ ಮಾತು 14ಕ್ಕೇ ಮುಗಿಯುತ್ತದೆ. ಉಳಿದ 54 ವಚನಗಳನ್ನು ಯಾರೂ ಕಾರ್ಡ್ ಮಾಡಿಸುವುದಿಲ್ಲ, ಮಾಡಿಸಿದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಆ ಕೊನೆಯ 68ನೇ ವಚನದಲ್ಲಿ ಏನಿದೆ ಗೊತ್ತಾ? ಅವಿಧೇಯರಾದರೆ ಹಡಗು ಹತ್ತಿಸಿ ತಿರುಗಿ ಐಗುಪ್ತಕ್ಕೆ ಕಳುಹಿಸುತ್ತೇನೆ ಅಂತ ದೇವರು ಹೇಳ್ತಾನೆ. ಶಾಪಗಳ ಪಟ್ಟಿಯಲ್ಲಿ ಕಟ್ಟಕಡೆಯದು, ಐಗುಪ್ತಕ್ಕೆ ವಾಪಸ್. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ಯೆರೆಮೀಯನ ಹತ್ತಿರ ಹೋಗೋಣ. ಕ್ರಿ.ಪೂ. 586ರ ಸುಮಾರಿನ ಮಾತು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುಟ್ಟುಹಾಕಿದೆ. ದೇವಾಲಯ ಇಲ್ಲ, ಅರಸನಿಲ್ಲ, ಗೋಡೆ ಇಲ್ಲ. ಓದಿದವರು, ಕೆಲಸ ಬಲ್ಲವರು, ದೊಡ್ಡ ಮನೆತನದವರು ಎಲ್ಲರನ್ನೂ ಬಾಬೆಲಿಗೆ ಸೆರೆ ಒಯ್ದರು. ಉಳಿದವರು ಯಾರು? ಬಡವರು. 39ನೇ ಅಧ್ಯಾಯದ 10ನೇ ವಚನ ನೋಡಿ, ಏನೂ ಇಲ್ಲದ ಬಡವರಿಗೆ ಬಾಬೆಲಿನ ಸೇನಾಧಿಪತಿ ಹೊಲಗಳನ್ನೂ ದ್ರಾಕ್ಷೇತೋಟಗಳನ್ನೂ ಕೊಟ್ಟು ಹೋದ. ಗೆದಲ್ಯ ಅಂತ ಒಬ್ಬನನ್ನು ಅಧಿಪತಿಯಾಗಿ ನೇಮಿಸಿದರು, ಮಿಚ್ಪದಲ್ಲಿ ಅವನ ಆಫೀಸು. ಆಗ ಏನಾಯಿತು? 40ನೇ ಅಧ್ಯಾಯ 12ನೇ ವಚನದ ಪ್ರಕಾರ ಸುತ್ತಲಿನ ದೇಶಗಳಿಗೆ ಚದರಿಹೋಗಿದ್ದವರು ತಿರುಗಿ ಬಂದರು, ಆ ವರ್ಷ ದ್ರಾಕ್ಷಾರಸವೂ ಹಣ್ಣುಗಳೂ ಬಹಳವಾಗಿ ಸಿಕ್ಕಿದವು. ಸುಟ್ಟ ದೇಶದಲ್ಲಿ ಸುಗ್ಗಿ! ಇದನ್ನೂ ಮರೆಯಬೇಡಿ, ಆಮೇಲೆ ಬೇಕಾಗುತ್ತದೆ.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಇಷ್ಮಾಯೇಲ ಅನ್ನುವವನು ಹತ್ತು ಜನರನ್ನು ಕರೆದುಕೊಂಡು ಬಂದ, ಗೆದಲ್ಯನ ಜೊತೆ ಊಟಕ್ಕೆ ಕೂತ, ಊಟದ ಮಧ್ಯೆ ಎದ್ದು ಅವನನ್ನು ಕೊಂದ. ಅಲ್ಲಿದ್ದ ಬಾಬೆಲಿನ ಸಿಪಾಯಿಗಳನ್ನೂ ಕೊಂದ. ಜನರನ್ನು ಸೆರೆ ಹಿಡಿದು ಹೊರಟ. ಆಗ ಅವರನ್ನು ಬಿಡಿಸಿದವನೇ ಯೋಹಾನಾನ. ನಮ್ಮ ಇವತ್ತಿನ ವಾಕ್ಯಭಾಗದಲ್ಲಿ ಅವಿಧೇಯತೆಯ ಲೀಡರ್ ಕೂಡ ಇವನೇ. ಆದರೆ ಅವನು ಕೆಟ್ಟವನಾಗಿರಲಿಲ್ಲ, ಪ್ರಿಯರೇ. ಗೆದಲ್ಯನಿಗೆ ನಿನ್ನನ್ನು ಕೊಲ್ಲಲು ಬರುತ್ತಿದ್ದಾರೆ ಅಂತ ಮೊದಲೇ ಎಚ್ಚರಿಸಿದವನು ಅವನು. ಗೆದಲ್ಯ ನಂಬಲಿಲ್ಲ. ಯೋಹಾನಾನನ ಅಂದಾಜು ಸರಿಯಾಗಿತ್ತು. ಅವನ ಧೈರ್ಯದಿಂದ ಹೆಂಗಸರು ಮಕ್ಕಳು ಬದುಕಿದರು. ಹೀಗೆ ಒಂದೆರಡು ಸಲ ನಮ್ಮ ಲೆಕ್ಕಾಚಾರ ಸರಿ ಬಂತು ಅಂದರೆ, ಮೂರನೇ ಸಲ ದೇವರ ಹತ್ತಿರ ಕೇಳುವುದು ಸಹಿ ಹಾಕಿಸಿಕೊಳ್ಳುವ ಕೆಲಸದ ಹಾಗೆ ಆಗಿಬಿಡುತ್ತದೆ.

ಈಗ 41ನೇ ಅಧ್ಯಾಯದ 17ನೇ ವಚನ. ಬಿಡಿಸಿದ ಜನರನ್ನು ಅವನು ಎಲ್ಲಿಗೆ ಕರೆದುಕೊಂಡು ಹೋದ? ಮಿಚ್ಪಕ್ಕೆ ವಾಪಸ್ ಹೋಗಲಿಲ್ಲ. ಬೇತ್ಲೆಹೇಮಿನ ಹತ್ತಿರ ಒಂದು ತಂಗುದಾಣಕ್ಕೆ ಬಂದರು. ಮಿಚ್ಪ ಇರುವುದು ಯೆರೂಸಲೇಮಿನ ಉತ್ತರಕ್ಕೆ. ಬೇತ್ಲೆಹೇಮ್ ದಕ್ಷಿಣಕ್ಕೆ, ಐಗುಪ್ತದ ದಾರಿಯಲ್ಲಿ. ಐಗುಪ್ತಕ್ಕೆ ಹೋಗಬೇಕೆಂದೇ ಅಲ್ಲಿ ಇಳಿದುಕೊಂಡಿದ್ದರು ಅಂತ ವಾಕ್ಯವೇ ಹೇಳುತ್ತದೆ.

ಅಲ್ಲಿಂದ ಎದ್ದು ಬಂದು ಯೆರೆಮೀಯನ ಮುಂದೆ ನಿಂತು, ನಮಗೋಸ್ಕರ ಪ್ರಾರ್ಥನೆ ಮಾಡಿ, ನಾವು ಯಾವ ದಾರಿ ಹಿಡಿಯಬೇಕು ಅಂತ ದೇವರು ತೋರಿಸಲಿ ಅಂತಾರೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ, ಟಿಕೆಟ್ ಹರಿಸಿಕೊಂಡು, ಕಿಟಕಿ ಪಕ್ಕ ಕೂತುಕೊಂಡು ಪಾಸ್ಟರಿಗೆ ಫೋನ್ ಮಾಡಿ, ಅಣ್ಣಾ, ನಾನು ಊರಿಗೆ ಹೋಗಲಾ ಬೇಡವಾ ಅಂತ ಪ್ರಾರ್ಥನೆ ಮಾಡಿ ಹೇಳಿ ಅಂದ ಹಾಗೆ. ನಗ್ತೀರಿ. ಆದರೆ ನೋಟಿಸ್ ಪೀರಿಯಡ್ ಅರ್ಧ ಮುಗಿದ ಮೇಲೆ ಕನ್ಫರ್ಮೇಶನ್ ಕೇಳುವವರಿದ್ದಾರೆ. ಮದುವೆಗೆ ಹುಡುಗನ ಕಡೆಯವರಿಗೆ ಮಾತು ಕೊಟ್ಟು, ಹಾಲ್ ಬುಕ್ ಮಾಡಿ, ಆಮೇಲೆ ಉಪವಾಸ ಪ್ರಾರ್ಥನೆಗೆ ಹೆಸರು ಕೊಡುವ ಮನೆಗಳಿವೆ.

ಅವರ ಮಾತು ಎಷ್ಟು ಚೆನ್ನಾಗಿತ್ತು ಗೊತ್ತಾ? 42ರ 5 ಮತ್ತು 6 ಓದಿಕೊಳ್ಳಿ. ದೇವರನ್ನೇ ಸಾಕ್ಷಿ ಇಡ್ತಾರೆ. ಒಳ್ಳೆಯದಾಗಲಿ, ಕೆಟ್ಟದಾಗಲಿ, ಹೇಳಿದ್ದನ್ನು ಮಾಡ್ತೀವಿ, ಆಗ ನಮಗೆ ಸುಖವಾಗುತ್ತದೆ ಅಂತಾರೆ. ನಮ್ಮ ಸಭೆಯಲ್ಲಿ ಯಾರಾದರೂ ನಿಂತು ಇಂಥ ಪ್ರಾರ್ಥನೆ ಮಾಡಿದರೆ ನಾವೆಲ್ಲ ಕೈ ಎತ್ತಿ ಆಮೆನ್ ಅಂತೀವಿ. ವಿಧೇಯತೆಯಿಂದ ಆಶೀರ್ವಾದ ಬರುತ್ತದೆ ಅನ್ನುವ ಉಪದೇಶ ಅವರಿಗೆ ಬಾಯಿಪಾಠವಾಗಿತ್ತು.

ಯೆರೆಮೀಯನು ಆಗಲಿ, ಪ್ರಾರ್ಥಿಸುತ್ತೇನೆ ಅಂದ. ಉತ್ತರ ಬಂದದ್ದು ಹತ್ತು ದಿನ ಆದ ಮೇಲೆ. ಹತ್ತು ದಿನ! ನಲವತ್ತು ವರ್ಷ ಸೇವೆ ಮಾಡಿದ ಪ್ರವಾದಿ, ದೇಶಕ್ಕೆ ಏನಾಗುತ್ತದೆ ಅಂತ ಹೇಳಿದ್ದೆಲ್ಲ ನಡೆದಿತ್ತು. ಅವನಿಗೆ ತನ್ನದೇ ಅಭಿಪ್ರಾಯ ಇರಲಿಲ್ಲವಾ? ಇದ್ದಿರಬಹುದು. ಆದರೂ ದೇವರು ಮಾತಾಡುವ ತನಕ ಬಾಯಿ ತೆರೆಯಲಿಲ್ಲ. ನಮ್ಮ ಪೆಂತೆಕೊಸ್ತ್ ಸಭೆಗಳಲ್ಲಿ ಫೋನಿನಲ್ಲಿ ಎರಡು ನಿಮಿಷಕ್ಕೆ ಕರ್ತನು ನನಗೆ ತೋರಿಸಿದನು ಅನ್ನುವವರು ಈ 7ನೇ ವಚನವನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ಪ್ರವಾದನೆಯ ವರವನ್ನು ನಾನು ನಂಬುತ್ತೇನೆ. ಅದಕ್ಕೇ ಈ ಮಾತು ಹೇಳ್ತಿದ್ದೇನೆ.

ಆ ಹತ್ತು ದಿನ ಅವರಿಗೆ ಸುಲಭವಾಗಿರಲಿಲ್ಲ. ಬಾಬೆಲಿನ ಅರಸ ನೇಮಿಸಿದ ಅಧಿಪತಿಯ ಕೊಲೆ ಆಗಿದೆ. ಸೈನ್ಯ ಯಾವಾಗ ಬೇಕಾದರೂ ಬರಬಹುದು. ಪ್ರತಿ ದಿನ ಬೆಳಿಗ್ಗೆ ಎದ್ದು ದಾರಿ ನೋಡುವುದು. ಅವರ ಭಯ ನಿಜವಾದದ್ದು. ದೇವರು ಕೂಡ ಅದನ್ನು ಹುಚ್ಚು ಭಯ ಅನ್ನಲಿಲ್ಲ. 11ನೇ ವಚನದಲ್ಲಿ ನೀವು ಹೆದರುತ್ತಿರುವ ಆ ಅರಸನಿಗೆ ಹೆದರಬೇಡಿ, ನಾನು ನಿಮ್ಮ ಜೊತೆಗಿದ್ದೇನೆ ಅನ್ನುವ ಅರ್ಥದ ಮಾತು ಹೇಳ್ತಾನೆ.

ಅದಕ್ಕಿಂತ ಮೊದಲು 10ನೇ ವಚನ ಇದೆ. ಇಲ್ಲಿ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಈ ದೇಶದಲ್ಲೇ ಇದ್ದರೆ ನಿಮ್ಮನ್ನು ಕಟ್ಟುತ್ತೇನೆ, ಕೆಡವುವುದಿಲ್ಲ. ನೆಡುತ್ತೇನೆ, ಕೀಳುವುದಿಲ್ಲ ಅಂತ ದೇವರು ಹೇಳ್ತಾನೆ. ಈ ಮಾತುಗಳನ್ನು ಎಲ್ಲೋ ಕೇಳಿದ ಹಾಗಿದೆ ಅಲ್ಲವಾ? ಒಂದನೇ ಅಧ್ಯಾಯದ 10ನೇ ವಚನ. ಯೆರೆಮೀಯ ಇನ್ನೂ ಬಾಲಕ ಅನ್ನುತ್ತಿದ್ದ ಕಾಲದಲ್ಲಿ ದೇವರು ಅವನನ್ನು ಕರೆದಾಗ ಕೊಟ್ಟ ಕೆಲಸ ಇದೇ. ಕೀಳುವುದು, ಕೆಡವುವುದು, ಆಮೇಲೆ ಕಟ್ಟುವುದು, ನೆಡುವುದು. ನಲವತ್ತು ವರ್ಷ ಅವನು ಹೆಚ್ಚಾಗಿ ನೋಡಿದ್ದು ಮೊದಲನೆಯ ಎರಡನ್ನೇ. ಈಗ, ಎಲ್ಲ ಬೂದಿಯಾದ ಮೇಲೆ, ಉಳಿದ ಈ ಒಂದು ಹಿಡಿ ಜನಕ್ಕೆ ದೇವರು ಇನ್ನು ಕಟ್ಟುತ್ತೇನೆ ಅಂದ. ನಿಮಗೆ ಬಂದ ಕೇಡಿಗಾಗಿ ನನಗೂ ಮರುಕವಿದೆ ಅಂದ. ಆಶೀರ್ವಾದ ಅಲ್ಲೇ ಇತ್ತು, ಅವರ ಕಾಲ ಕೆಳಗಿನ ಮಣ್ಣಲ್ಲಿ. ಅವರು ಆ ಮಣ್ಣು ಬಿಟ್ಟು ಹೊರಟರು.

ಯಾಕೆ? 14ನೇ ವಚನದಲ್ಲಿ ಐಗುಪ್ತ ಏನು ಕೊಡುತ್ತದೆ ಅಂತ ಅವರು ಅಂದುಕೊಂಡಿದ್ದರು ನೋಡಿ. ಅಲ್ಲಿ ಯುದ್ಧ ಕಾಣುವುದಿಲ್ಲ. ತುತೂರಿಯ ಶಬ್ದ ಕೇಳುವುದಿಲ್ಲ. ಊಟಕ್ಕೆ ಕೊರತೆ ಇರುವುದಿಲ್ಲ. ಇದರಲ್ಲಿ ಪಾಪ ಯಾವುದಿದೆ ಹೇಳಿ? ಸೇಫ್ಟಿ, ನೆಮ್ಮದಿ, ಸಂಬಳ. ಎಲ್ಲರೂ ಬಯಸುವುದೇ. ಊಟಕ್ಕೆ ಕೊರತೆ ಅಂತೀರಲ್ಲ, ಅದೇ ವರ್ಷ ರಾಶಿ ರಾಶಿ ಹಣ್ಣು ಕೊಯ್ದದ್ದು ಮರೆತುಹೋಯಿತಾ? ಹೊಟ್ಟೆಯಲ್ಲಿ ಕರ್ತನು ಕೊಟ್ಟ ಸುಗ್ಗಿಯ ಅನ್ನ ಇರುವಾಗಲೇ ನಾಳೆ ಹಸಿವಿನಿಂದ ಸಾಯ್ತೀವಿ ಅನ್ನೋದು. ಹೆದರಿದ ಮನಸ್ಸಿಗೆ ನಿನ್ನೆಯ ಉಪಕಾರ ನೆನಪಿರುವುದಿಲ್ಲ.

43ರ 2ನೇ ವಚನದಲ್ಲಿ ಉತ್ತರ ಕೊಡ್ತಾರೆ. ನೀನು ಸುಳ್ಳು ಹೇಳ್ತಿದ್ದೀಯ, ದೇವರು ನಿನ್ನನ್ನು ಕಳುಹಿಸಲಿಲ್ಲ. ಹಾಗಾದರೆ ಯಾರು ಹೇಳಿಕೊಟ್ಟರು? ಬಾರೂಕ! ಯೆರೆಮೀಯನ ಬರಹಗಾರ, ಪಾಪ, ಒಂದು ಮೂಲೆಯಲ್ಲಿ ಕೂತು ಬರೆಯುತ್ತಿದ್ದವನು. ಅವನೇ ಚಾಡಿ ಹೇಳಿದ್ದಾನಂತೆ. ಪಾಸ್ಟರ್ ಪ್ರಸಂಗದಲ್ಲಿ ನನಗೇ ಹೇಳಿದರು, ಯಾರೋ ನನ್ನ ವಿಷಯ ಮುಟ್ಟಿಸಿದ್ದಾರೆ ಅಂತ ಮನೆಗೆ ಹೋಗಿ ಲೆಕ್ಕ ಹಾಕುವವರು ಆಗಲೂ ಇದ್ದರು. ನನಗೆ ಯಾರೂ ಏನೂ ಹೇಳಿಲ್ಲಪ್ಪ, ಇವತ್ತು.

ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಫೋನ್ ಬರುತ್ತದೆ. ಕೆನಡಾಕ್ಕೆ ಹೋಗುವುದು, ದುಬೈಗೆ ಹೋಗುವುದು ಅವಿಧೇಯತೆ ಅಂತ ನಾನು ಹೇಳ್ತಿಲ್ಲ. ನಿಮ್ಮೆಲ್ಲರಿಗೂ ಇಷ್ಟವಾದ ಯೆರೆಮೀಯ 29ರ 11ನೇ ವಚನ ಯಾರಿಗೆ ಬರೆದದ್ದು? ಬಾಬೆಲಿಗೆ ಹೋದವರಿಗೆ. ಅವರಿಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ ಅಂದ. ಇವರಿಗೆ ಇಲ್ಲೇ ಇರಿ ಅಂದ. ಇನ್ನೂ ಒಂದು ನೋಡಿ. ಈ ಜನ ಬೇತ್ಲೆಹೇಮಿನಿಂದ ಐಗುಪ್ತಕ್ಕೆ ಹೊರಟರು. ಸುಮಾರು ಆರುನೂರು ವರ್ಷ ಆದ ಮೇಲೆ ಅದೇ ಬೇತ್ಲೆಹೇಮಿನಿಂದ ಒಬ್ಬ ಬಡಗಿ ತನ್ನ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಅದೇ ಐಗುಪ್ತಕ್ಕೆ ಹೊರಟ. ಮತ್ತಾಯ 2ನೇ ಅಧ್ಯಾಯ. ದೂತನು ಕನಸಿನಲ್ಲಿ ಹೇಳಿದ, ಯೋಸೇಫನು ರಾತ್ರಿಯೇ ಎದ್ದ. ಬೆಳಗಾಗಲಿ ಅನ್ನಲಿಲ್ಲ. ನಾನು ಹೇಳುವ ತನಕ ಅಲ್ಲೇ ಇರು ಅಂದದ್ದಕ್ಕೆ ಅಲ್ಲೇ ಇದ್ದ. ಒಂದೇ ಊರು, ಒಂದೇ ದೇಶ. ಇವರು ದೇವರ ಮಾತು ಬಿಟ್ಟು ನಡೆದರು, ಅವನು ದೇವರ ಮಾತು ಹಿಡಿದು ನಡೆದ. ಆದ್ದರಿಂದ ಪಾಸ್‌ಪೋರ್ಟ್ ಹರಿದುಹಾಕಬೇಡಿ, ತಮ್ಮಂದಿರೇ. ಯಾರ ಮಾತಿನ ಮೇಲೆ ಹೊರಡುತ್ತಿದ್ದೀರಿ ಅಂತ ನೋಡಿಕೊಳ್ಳಿ.

ಇನ್ನು ಕೆಲವು ವಿಷಯಗಳಿಗೆ ಹತ್ತು ದಿನ ಕಾಯುವುದೂ ಬೇಡ. ಫೇಕ್ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಲಾ ಅಂತ ಪ್ರಾರ್ಥನೆ ಮಾಡಬೇಕಾಗಿಲ್ಲ. ಸುಳ್ಳು ಹೇಳಬೇಡ ಅಂತ ಉತ್ತರ ಬಂದು ಮೂರು ಸಾವಿರ ವರ್ಷದ ಮೇಲಾಯಿತು.

ನಮ್ಮ ಮಧ್ಯೆ ಒಬ್ಬ ತಂಗಿ ಇದ್ದಾಳೆ. ಹೆಸರು ಹೇಳುವುದಿಲ್ಲ, ಅವಳನ್ನು ಕೇಳಿಯೇ ಇದನ್ನು ಹೇಳ್ತಿದ್ದೇನೆ. ಡಿಗ್ರಿ ಮುಗಿಸಿ ಕೋರ್ಸ್ ಮಾಡಿದ ಮೇಲೆ ಒಂದು ಕನ್ಸಲ್ಟೆನ್ಸಿಯವರು ಎರಡು ವರ್ಷ ಕೆಲಸ ಮಾಡಿದ ಹಾಗೆ ಪೇಪರ್ ಮಾಡಿಕೊಡ್ತೀವಿ, ಸ್ಯಾಲರಿ ಸ್ಲಿಪ್ ಕೂಡ ಕೊಡ್ತೀವಿ ಅಂದರು. ಅವಳ ಪಿಜಿಯಲ್ಲಿ ಇದ್ದ ಇಬ್ಬರು ಮಾಡಿಸಿಕೊಂಡರು. ಇವಳು ಬೇಡ ಅಂದಳು. ಆ ಇಬ್ಬರಿಗೂ ಕೆಲಸ ಸಿಕ್ಕಿತು. ಇವಳಿಗೆ ಎಂಟು ತಿಂಗಳಾಯಿತು, ಸಿಕ್ಕಿಲ್ಲ. ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿ ಪಿಜಿ ಬಾಡಿಗೆ ಕಟ್ಟುತ್ತಾಳೆ. ಸಾಕ್ಷಿ ಹೇಳುವ ಸಮಯದಲ್ಲಿ ಬೇರೆಯವರು ಪ್ಯಾಕೇಜ್ ಹೇಳಿದಾಗ ಅವಳೂ ಚಪ್ಪಾಳೆ ತಟ್ಟುತ್ತಾಳೆ. ಕಳೆದ ತಿಂಗಳು ಕೇಳಿದಳು, ಅಣ್ಣಾ, ವಿಧೇಯಳಾದವಳು ನಾನಲ್ಲವಾ, ಆಶೀರ್ವಾದ ಅವರಿಗೆ ಯಾಕೆ ಬಂತು?

ಈ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ, ಸ್ವಲ್ಪ ಕಾಯಮ್ಮ, ಅವರಿಗಿಂತ ಡಬಲ್ ಸಂಬಳ ಬರುತ್ತದೆ. ಬರಬಹುದು. ನಾನು ಹಾಗೆ ಪ್ರಾರ್ಥಿಸುತ್ತಿದ್ದೇನೆ. ಆದರೆ ಆ ಉತ್ತರದಲ್ಲಿ ಒಂದು ಅಪಾಯ ಇದೆ, ಅದು ಯೆರೆಮೀಯ 44ರಲ್ಲಿ ಇದೆ. ಐಗುಪ್ತಕ್ಕೆ ಹೋದ ಜನ ಅಲ್ಲಿ ಗಗನದ ಒಡತಿ ಅನ್ನುವ ದೇವತೆಗೆ ಧೂಪ ಹಾಕಲು ಶುರು ಮಾಡಿದರು. ಪ್ರವಾದಿ ಬೇಡ ಅಂದಾಗ ಅವರು ಕೊಟ್ಟ ಕಾರಣ 17 ಮತ್ತು 18ನೇ ವಚನಗಳಲ್ಲಿ ಇದೆ. ಮೊದಲು ನಾವು ಅವಳಿಗೆ ಧೂಪ ಹಾಕುತ್ತಿದ್ದಾಗ ಹೊಟ್ಟೆ ತುಂಬ ಊಟ ಇತ್ತು, ಸುಖವಾಗಿದ್ದೆವು. ನಿಲ್ಲಿಸಿದ ಮೇಲೆಯೇ ಕೊರತೆ ಬಂದದ್ದು! ನೋಡಿದಿರಾ? ಊಟ ಕೊಟ್ಟವನೇ ದೇವರು ಅಂತ ಅಳತೆ ಇಟ್ಟುಕೊಂಡರೆ, ಊಟ ಕೊಟ್ಟ ಹಾಗೆ ಕಂಡ ಯಾವ ವಿಗ್ರಹವೂ ದೇವರಾಗುತ್ತದೆ. ಆ ಫೇಕ್ ಲೆಟರ್ ಕೂಡ ಕೆಲಸ ಕೊಡಿಸಿತಲ್ಲ. ಸಂಬಳದ ಸ್ಲಿಪ್ ನೋಡಿ ದೇವರ ಮೆಚ್ಚಿಕೆಯನ್ನು ಅಳೆಯುವ ಸಭೆ, ಐಗುಪ್ತದಲ್ಲಿ ಕೂತ ಆ ಜನರಿಗೆ ಏನು ಉತ್ತರ ಹೇಳಬಲ್ಲದು?

ದೇವರು ಆಶೀರ್ವದಿಸುವ ದೇವರು. ಇದರಲ್ಲಿ ನನಗೆ ಸಂಶಯ ಇಲ್ಲ, ನನ್ನ ಮನೆಯ ಅಕ್ಕಿಡಬ್ಬ ಅದಕ್ಕೆ ಸಾಕ್ಷಿ. ಆದರೆ ಈ ಕಥೆಯಲ್ಲಿ ವಿಧೇಯರಾದ ಇಬ್ಬರಿಗೆ ಏನಾಯಿತು ನೋಡೋಣ. ಯೆರೆಮೀಯನಿಗೆ ಒಂದು ಆಫರ್ ಬಂದಿತ್ತು. 40ರ 4ನೇ ವಚನ. ಬಾಬೆಲಿನ ಸೇನಾಧಿಪತಿಯೇ ಸರಪಳಿ ಬಿಚ್ಚಿ, ನನ್ನ ಜೊತೆ ಬಾ, ನಿನ್ನನ್ನು ನೋಡಿಕೊಳ್ಳುತ್ತೇನೆ ಅಂದ. ಅವನು ಹೋಗಲಿಲ್ಲ, ಬಡವರ ಜೊತೆ ಉಳಿದ. ಅದೇ ಜನ ಅವನನ್ನು ಸುಳ್ಳುಗಾರ ಅಂದರು, 43ರ 6ನೇ ವಚನದ ಪ್ರಕಾರ ತಮ್ಮ ಜೊತೆ ಐಗುಪ್ತಕ್ಕೆ ಕರೆದೊಯ್ದರು. ಹೋಗಬೇಡಿ ಅಂದ ಪ್ರವಾದಿ ಹೋಗಬಾರದ ದೇಶದಲ್ಲೇ ಇದ್ದಾನೆ. ಅವನು ತಿರುಗಿ ಬಂದ ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ.

ಬಾರೂಕನಿಗೋಸ್ಕರ ಒಂದು ಅಧ್ಯಾಯವೇ ಇದೆ, 45ನೆಯದು, ಐದೇ ವಚನ. ಆ ಮಾತು ಅವನಿಗೆ ಬಂದದ್ದು ಯೆಹೋಯಾಕೀಮನ ನಾಲ್ಕನೇ ವರ್ಷದಲ್ಲಿ, ಅಂದರೆ ಐಗುಪ್ತಕ್ಕೆ ಹೋಗುವ ಸುಮಾರು ಇಪ್ಪತ್ತು ವರ್ಷ ಮೊದಲು. ಆದರೆ ಪುಸ್ತಕದಲ್ಲಿ ಅದನ್ನು ಐಗುಪ್ತದ ಅಧ್ಯಾಯ ಆದ ಮೇಲೆ ಇಟ್ಟಿದ್ದಾರೆ. ನನಗೆ ಅದು ಸುಮ್ಮನೆ ಆದದ್ದು ಅನ್ನಿಸುವುದಿಲ್ಲ. ಬಾರೂಕ ಗೊಣಗುತ್ತಾನೆ, ನನಗೆ ನೋವಿನ ಮೇಲೆ ನೋವು, ವಿಶ್ರಾಂತಿಯೇ ಇಲ್ಲ ಅಂತ. ದೇವರು ಅವನಿಗೆ, ನಿನಗಾಗಿ ದೊಡ್ಡದನ್ನು ಹುಡುಕುತ್ತೀಯಾ, ಹುಡುಕಬೇಡ. ನೀನು ಎಲ್ಲಿಗೆ ಹೋದರೂ ನಿನ್ನ ಪ್ರಾಣವನ್ನು ನಿನಗೆ ಕೊಡುತ್ತೇನೆ ಅನ್ನುವ ಅರ್ಥದಲ್ಲಿ ಹೇಳ್ತಾನೆ. ಇದು ಪ್ರಮೋಷನ್ನಿನ ವಾಗ್ದಾನ ಅಲ್ಲ, ಕಾರ್ಡಿಗೆ ಹಾಕಿದರೆ ಯಾರಿಗೂ ಬೇಡ. ಆದರೆ ಎಲ್ಲಿಗೆ ಹೋದರೂ ಅನ್ನುವ ಆ ಮಾತನ್ನು ಐಗುಪ್ತದ ದಾರಿಯಲ್ಲಿ ಬಾರೂಕ ಎಷ್ಟು ಸಲ ನೆನಪು ಮಾಡಿಕೊಂಡಿರಬಹುದು! ತಂಗೀ, ನಿನಗೆ ಕೊಡಲು ನನ್ನ ಹತ್ತಿರ ಇರುವ ಮೊದಲನೆಯ ವಾಕ್ಯ ಇದು. ಡಬಲ್ ಸಂಬಳದ ಮಾತು ಆಮೇಲೆ.

ಇನ್ನೊಂದು, 43ರ 8ನೇ ವಚನ. ಆ ಜನ ಐಗುಪ್ತದ ತಹಪನೇಸ್ ಊರಿಗೆ ಬಂದು ಮುಟ್ಟಿದರು. ಅಲ್ಲಿ ಯೆಹೋವನ ವಾಕ್ಯ ಯೆರೆಮೀಯನಿಗೆ ಬಂತು. ಎಲ್ಲಿ? ತಹಪನೇಸಿನಲ್ಲಿ! ತನ್ನ ಮಾತು ಮೀರಿ ಹೋದವರ ಹಿಂದೆಯೇ ದೇವರ ಮಾತು ಅಲ್ಲಿಗೂ ಹೋಯಿತು. ಎಚ್ಚರಿಕೆಯ ಮಾತೇ ಸರಿ, ಆದರೂ ಹೋಯಿತು. ಇವತ್ತು ಇಲ್ಲಿ ಕೂತು, ನಾನಾಗಲೇ ಐಗುಪ್ತದಲ್ಲಿದ್ದೇನೆ, ಆ ಪೇಪರ್ ಮಾಡಿಸಿ ಆಯಿತು, ಆ ಸಂಬಂಧ ಬೆಳೆದು ಆಯಿತು ಅನ್ನುವವರಿದ್ದರೆ, ನಿಮ್ಮ ಊರಿಗೂ ಕರ್ತನ ವಾಕ್ಯ ಬರುತ್ತದೆ. ಬಂದಿದೆ.

ಯಾಕೆಂದರೆ ಆ 54 ವಚನಗಳ ಶಾಪವನ್ನು ಒಬ್ಬನು ಹೊತ್ತನು. ಗಲಾತ್ಯ 3ರ 13. ಗೆತ್ಸೇಮನೆಯಲ್ಲಿ ಯೇಸು ಪ್ರಾರ್ಥಿಸಿದ್ದನ್ನು ಯೋಹಾನಾನನ ಪ್ರಾರ್ಥನೆಯ ಪಕ್ಕ ಇಟ್ಟು ನೋಡಿ. ಯೋಹಾನಾನನು ತನ್ನ ಆಸೆಯನ್ನು ಮುಚ್ಚಿಟ್ಟು, ದೇವರ ಚಿತ್ತ ಮಾತ್ರ ಬೇಕು ಅಂದ. ಯೇಸು ಮುಚ್ಚಿಡಲಿಲ್ಲ. ಈ ಪಾತ್ರೆ ನನ್ನಿಂದ ದೂರವಾಗಲಿ ಅಂತ ತಂದೆಯ ಹತ್ತಿರ ಬೆವರು ಸುರಿಸಿ ಕೇಳಿದ, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿಕೊಟ್ಟ. ಹಾಗಾಗಿ ಪ್ರಾರ್ಥನೆಗೆ ಕೂತಾಗ ದೊಡ್ಡ ದೊಡ್ಡ ಮಾತು ಬೇಡ. ಅಪ್ಪಾ, ನನಗೆ ಹೋಗಬೇಕು ಅಂತ ತುಂಬ ಆಸೆ ಇದೆ, ಮೂಟೆ ಕಟ್ಟಿಟ್ಟಿದ್ದೇನೆ ಅಂತಲೇ ಶುರು ಮಾಡಿ. ಆತನಿಗೆ ಗೊತ್ತು, ಬೇತ್ಲೆಹೇಮಿನ ಹತ್ತಿರ ಇಳಿದುಕೊಂಡಿದ್ದೀರಿ ಅಂತ.

ಎದ್ದು ನಿಲ್ಲೋಣ. ತಮ್ಮಾ, ಕೀಬೋರ್ಡ್ ಸಣ್ಣಗೆ ನುಡಿಸು, ಹಾಡು ಈಗ ಬೇಡ. ಒಂದು ನಿಮಿಷ ಸುಮ್ಮನಿದ್ದು, ನೀವು ಈಗಾಗಲೇ ಟಿಕೆಟ್ ತೆಗೆದಿಟ್ಟಿರುವ ಆ ಒಂದು ವಿಷಯವನ್ನು ಕರ್ತನ ಮುಂದೆ ಹೆಸರು ಹಿಡಿದು ಹೇಳಿ. ಪಕ್ಕದವರಿಗೆ ಕೇಳಿಸಬೇಕಾಗಿಲ್ಲ.

ಕರ್ತನೇ, ಉತ್ತರ ಇಟ್ಟುಕೊಂಡೇ ನಿನ್ನ ಹತ್ತಿರ ಬಂದಿರುವ ನಮ್ಮನ್ನು ನೋಡು. ಕಾಯುವ ಹತ್ತು ದಿನಕ್ಕೆ ಬೇಕಾದ ಬಲ ಕೊಡು. ಭಯಪಟ್ಟವರ ಪಕ್ಕದಲ್ಲಿ ನಿಂತುಕೋ. ನಿನ್ನ ಮಾತಿಗಾಗಿ ಕೆಲಸ ಕಳೆದುಕೊಂಡವರನ್ನು, ಇನ್ನೂ ಸಿಗದವರನ್ನು ಹೆಸರು ಹೆಸರಾಗಿ ನೆನಪು ಮಾಡಿಕೋ, ಈ ತಿಂಗಳ ಬಾಡಿಗೆಗೆ ದಾರಿ ತೋರಿಸು. ಐಗುಪ್ತಕ್ಕೆ ಹೋಗಿಬಿಟ್ಟವರನ್ನು ಬಿಟ್ಟುಬಿಡಬೇಡ, ತಂದೆಯೇ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.